ಅರ್ಧಕ್ಕೆ ಇಳಿಸಿದ ನೀರು

ಸೋಮವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಠಾಣೆಯೊಳಗೆ ಬಂದ ಹೆಂಗಸು ಕುರ್ಚಿಯನ್ನು ಕರವಸ್ತ್ರದಿಂದ ಎರಡು ಸಲ ಒರೆಸಿ, ಆ ಕರವಸ್ತ್ರವನ್ನು ಕೊಳೆ ಒಳಗಾಗುವಂತೆ ಮಡಚಿ ಕೈಚೀಲಕ್ಕೆ ಹಾಕಿಕೊಂಡು, ಆಮೇಲೆ ಕೂತಳು. ನೋಡುತ್ತಿದ್ದ ಇನ್‌ಸ್ಪೆಕ್ಟರ್‌ಗೆ ಒಳಗೊಳಗೇ ಮೆಚ್ಚುಗೆಯಾಯಿತು. ಹಿಂದಿನ ದಿನವಷ್ಟೇ ಆ ಕುರ್ಚಿಯಲ್ಲಿ ಒಬ್ಬ ಕುಡುಕ ವಾಂತಿ ಮಾಡಿಕೊಂಡಿದ್ದ. ಫಿನಾಯಿಲ್ ಹಾಕಿ ತೊಳೆಸಿದ್ದರೂ ಇನ್‌ಸ್ಪೆಕ್ಟರ್ ಬೆಳಿಗ್ಗೆಯಿಂದ ಆ ದಿಕ್ಕಿಗೆ ಮುಖ ಮಾಡದೆ ಕೂತಿದ್ದಳು. ಹದಿನೆಂಟು ವರ್ಷದ ಸರ್ವಿಸ್ ಆಗಿದ್ದರೂ ಆಕೆಯ ಮೂಗು ಮಾತ್ರ ಇನ್ನೂ ಪೊಲೀಸ್ ಇಲಾಖೆಗೆ ಸೇರಿರಲಿಲ್ಲ. ಹೆಣ, ಚರಂಡಿ, ಲಾಕಪ್ಪಿನ ಮೂಲೆ, ಒಂದಕ್ಕೂ ಒಗ್ಗಿಕೊಂಡಿರಲಿಲ್ಲ. ಅದಕ್ಕೇ ಮೇಜಿನ ಡ್ರಾಯರಿನಲ್ಲಿ ಲವಂಗದ ಡಬ್ಬಿ ಸದಾ ಇರುತ್ತಿತ್ತು.

"ಹೇಳಿ," ಎಂದಳು.

"ನನ್ನ ತಮ್ಮನ ಹೆಂಡತಿ ಮಗೂಗೆ ವಿಷ ಹಾಕ್ತಿದ್ದಾಳೆ ಮೇಡಂ."

ಹೆಂಗಸು ಊರಿನ ಮೇಲ್ಗಡೆಯ ದೊಡ್ಡ ಡೈರಿಯ ಒಡತಿ. ಊರಿಗೆಲ್ಲ ಆಕೆ ಡೈರಿ ಅಕ್ಕ. ಪಕ್ಕದಲ್ಲಿ ನಿಂತಿದ್ದವನು ಅವಳ ತಮ್ಮ, ಅದೇ ಡೈರಿಯ ಹಾಲಿನ ವ್ಯಾನ್ ಓಡಿಸುವವನು. ಕೂರಪ್ಪ ಎಂದರೂ ಕೂರದೆ ನೆಲದ ಮೇಲೆ ಏನೋ ಕಳೆದುಕೊಂಡವನಂತೆ ನೋಡುತ್ತಿದ್ದ.

"ಎಷ್ಟು ತಿಂಗಳ ಮಗು?"

"ಎರಡು. ಹೆಣ್ಣು. ನಿನ್ನೆ ಸಾಯಂಕಾಲ ತುಟಿ, ಉಗುರು ಎಲ್ಲಾ ನೀಲಿಗಟ್ಟಿತು. ಆಸ್ಪತ್ರೆಗೆ ಹಾಕಿದ್ವಿ. ಹೋದ ವರ್ಷ ಗಂಡು ಮಗು ಹೀಗೇ ನೀಲಿಯಾಗಿ ಹೋಯ್ತು. ಆವಾಗ ಹೃದಯದ ತೊಂದರೆ ಅಂದ್ರು, ನಾವೂ ನಂಬಿದ್ವಿ. ಎರಡು ಸಲ ಹಾಗಾಗುತ್ತಾ ಮೇಡಂ? ಮಗುವಿನ ಹಾಲು ಕಲಸೋಳು ಅವಳೊಬ್ಳೇ. ನನಗೂ ಮುಟ್ಟಕ್ಕೆ ಬಿಡಲ್ಲ."

"ನೀನೇನು ಹೇಳ್ತೀಯಪ್ಪ?"

"ಅಕ್ಕ ಹೇಳಿದ್ದೇ," ಎಂದ ತಮ್ಮ.

ಹತ್ತೂ ಇಪ್ಪತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಅಕ್ಕ ಗುಂಡಗೆ ರುಜು ಹಾಕಿದಳು. ತಮ್ಮ ತನ್ನ ರುಜುವನ್ನು ಎರಡು ಸಲ ತಪ್ಪಿ ಮೂರನೇ ಸಲ ಸರಿ ಮಾಡಿದ. ಹೊಟ್ಟೆಯಲ್ಲಿ ಹೊತ್ತ ಕೂಸಿಗೆ ಕೈಯಾರೆ ವಿಷ ಕಲಸುವುದನ್ನು ಕಣ್ಣಮುಂದೆ ತಂದುಕೊಂಡ ಇನ್‌ಸ್ಪೆಕ್ಟರ್ ಡ್ರಾಯರ್ ಎಳೆದಳು. ಒಂದು ಲವಂಗ ಬಾಯಿಗೆ ಹಾಕಿಕೊಂಡು ಜೀಪು ತೆಗೆಸಿದಳು.

ಜೊತೆಗೆ ಹೊರಟವನು ಹೆಡ್ ಕಾನ್‌ಸ್ಟೆಬಲ್. ಅವನ ನಿಜವಾದ ಹೆಸರು ಸಂಬಳದ ಪಟ್ಟಿಗಷ್ಟೇ ಸೀಮಿತ, ಠಾಣೆಯಲ್ಲಿ ಎಲ್ಲರ ಬಾಯಲ್ಲೂ ಅವನು ನೆಗಡಿ. ವರ್ಷವಿಡೀ ಮೂಗು ಕಟ್ಟಿದವನು, ಹೂವಾಗಲಿ ಹೆಣವಾಗಲಿ ಅವನಿಗೆ ಒಂದೇ. ಹಾಗಾಗಿ ಕೊಳೆತ ಕೇಸು ಯಾವುದೇ ಬರಲಿ, ಮೊದಲು ಅವನನ್ನು ಇಳಿಸುವುದು ಠಾಣೆಯ ರೂಢಿಯಾಗಿತ್ತು. ಅವನಿಗೂ ಅದು ಪದಕ ಸಿಕ್ಕಷ್ಟು ಹೆಮ್ಮೆ.

ಮಕ್ಕಳ ಡಾಕ್ಟರು ವಯಸ್ಸಾದವರು, ಮಾತು ಕಮ್ಮಿ. ಒಂದು ಬಿಳಿ ಹತ್ತಿಬಟ್ಟೆಯ ಮೇಲೆ ಹಿಂದಿನ ಸಂಜೆ ತೆಗೆದಿದ್ದ ಮಗುವಿನ ರಕ್ತದ ಹನಿಯನ್ನು ತೋರಿಸಿದರು. ಅದು ಕೆಂಪಗಿರಲಿಲ್ಲ. ಹಳೇ ಕಬ್ಬಿಣದ ತುಕ್ಕಿನ ಹಾಗೆ ಕಂದು ಬಣ್ಣದ್ದಾಗಿತ್ತು. ಗಾಳಿ ಬೀಸಿದರೂ ಕೆಂಪಿಗೆ ತಿರುಗಿರಲಿಲ್ಲ.

"ಈ ರಕ್ತ ಆಮ್ಲಜನಕ ಹೊರೋ ಕೆಲಸ ಬಿಟ್ಟುಬಿಟ್ಟಿದೆ. ನೈಟ್ರೇಟೋ ಅದರ ತಮ್ಮ ನೈಟ್ರೈಟೋ ಹೊಟ್ಟೆಗೆ ಹೋಗಿದೆ."

"ವಿಷಾನಾ?"

"ಎಳೆಮಗುವಿಗೆ ವಿಷಾನೇ. ಒಂದು ನೀಲಿ ಔಷಧಿ ಕೊಟ್ಟೆ, ನೀಲಿ ಮಗು ಕೆಂಪಗಾಯ್ತು. ಈಗ ಜೀವಕ್ಕೆ ಭಯವಿಲ್ಲ. ಇನ್ನೊಂದು ಸಲ ಹೋದ್ರೆ ನಾನು ಹೊಣೆಯಲ್ಲ."

"ಹೇಗೆ ಹೋಯ್ತು?"

"ಅದನ್ನ ಹುಡುಕೋ ಕೆಲಸ ನಿಮ್ದು."

ತಾಯಿ ವಾರ್ಡಿನ ಹೊರಗೆ ನೆಲದ ಮೇಲೆ ಕೂತಿದ್ದಳು. ಮನೆಯಲ್ಲೇ ಬಟ್ಟೆ ಹೊಲಿದು ಕೊಡುವವಳಂತೆ. ಬೆರಳ ತುದಿಯ ತುಂಬ ಸೂಜಿಯ ಚುಕ್ಕೆಗಳಿದ್ದವು. ಡೈರಿ ಅಕ್ಕನ ಮಾತಿನ ಮೇಲೆ ನರ್ಸುಗಳು ಬೆಳಿಗ್ಗೆಯಿಂದ ಅವಳನ್ನು ಮಗುವಿನ ಹತ್ತಿರ ಬಿಟ್ಟಿರಲಿಲ್ಲ. ಇನ್‌ಸ್ಪೆಕ್ಟರ್ ನಿಂತೇ ಕೇಳಿದಳು.

"ಮಗೂಗೆ ಏನು ಕೊಡ್ತೀಯ?"

"ಪುಡಿ ಹಾಲು."

"ಎದೆಹಾಲು?"

"ಬತ್ತೋಯ್ತು."

"ಯಾರು ಕಲಸೋದು?"

"ನಾನೇ. ಬೇರೆ ಯಾರ ಕೈಗೂ ಕೊಡಲ್ಲ."

"ಯಾಕೆ ಕೊಡಲ್ಲ?"

"ಒಂದನ್ನ ಕಳ್ಕೊಂಡಿದೀನಲ್ಲ ಮೇಡಂ."

ಈ ಮಾತು ಇನ್‌ಸ್ಪೆಕ್ಟರ್ ಕಿವಿಗೆ ನಾಟಕದ ಮಾತಿನಂತೆ ಕೇಳಿಸಿತು. ಕೇಸು ಮುಗಿಯುವ ತನಕ ಈ ಹೆಂಗಸು ಮಗುವನ್ನು ಮುಟ್ಟಬಾರದು ಎಂದು ನರ್ಸಿಗೆ ಬರೆದುಕೊಟ್ಟಳು. ತಾಯಿ ಅಳಲಿಲ್ಲ. ಬಾಗಿಲಿನ ಗಾಜಿನ ಕಡೆ ನೋಡುತ್ತಾ, "ಒಂದೂವರೆಗೆ ಅವಳಿಗೆ ಹಸಿವಾಗುತ್ತೆ" ಎಂದಳು ಅಷ್ಟೇ.

ಮಧ್ಯಾಹ್ನ ಮನೆಯ ಮಹಜರು. ಊರೇ ಕಪ್ಪು ಬಂಡೆಯ ಮೇಲೆ ಕೂತಿತ್ತು. ಒಂದಾನೊಂದು ಕಾಲಕ್ಕೆ ಜ್ವಾಲಾಮುಖಿಯಿಂದ ಹರಿದು ಬಂದು ಆರಿಹೋದ ಕಲ್ಲು. ಗುದ್ದಲಿ ಹಾಕಿದರೆ ಕಿಡಿ ಬರುತ್ತಿತ್ತೇ ಹೊರತು ಮಣ್ಣು ಬರುತ್ತಿರಲಿಲ್ಲ. ಇಳಿಜಾರಿನ ಕೆಳಗೆ ಒಂದೇ ಸಾಲಿನಲ್ಲಿ ಮನೆಗಳು, ಅವುಗಳಲ್ಲಿ ಕೊನೆಯದು ವ್ಯಾನ್ ಓಡಿಸುವವನದು. ಅಡುಗೆಮನೆ ಚಿಕ್ಕದು, ಒಪ್ಪವಾಗಿತ್ತು. ಮಗುವಿನ ಬಾಟಲಿಗಳು ಬಟ್ಟೆಯ ಮೇಲೆ ಬೋರಲಾಗಿ ಒಣಗುತ್ತಿದ್ದವು. ಪಂಚರಾಗಿ ಬಂದವರು ಒಬ್ಬ ಶಾಲಾ ಮೇಷ್ಟ್ರು, ಒಬ್ಬ ಅಂಗಡಿಯವನು. ನೆಗಡಿ ಹೇಳುತ್ತಾ ಬರೆದುಕೊಂಡ: ಬಳಕೆಯಲ್ಲಿದ್ದ ಹಾಲಿನ ಪುಡಿಯ ಡಬ್ಬಿ ಒಂದು, ಕುದಿಸಿ ಆರಿಸಿದ ನೀರಿರುವ ಫ್ಲಾಸ್ಕ್ ಒಂದು, ಕೊಳಾಯಿಯಿಂದ ಹಿಡಿದ ನೀರು ಎರಡು ಬಾಟಲಿ, ಅಗಲ ಬಾಯಿಯ ಪಾತ್ರೆ ಒಂದು, ಸದರಿ ಪಾತ್ರೆಯ ಒಳಮೈಯಲ್ಲಿ ಅರ್ಧ ಎತ್ತರಕ್ಕೆ ಮೊಳೆಯಿಂದ ಗೀಚಿದ ಗೆರೆ, ಗೆರೆಯ ಕೆಳಗೆ ಬಿಳಿ ಪೊರೆ ಕಟ್ಟಿರುವುದು.

"ಬಿಳಿ ಪೊರೆ ಅಂದ್ರೆ ವಿಷದ ಪುಡಿ ಇರಬಹುದಾ ಮೇಡಂ?"

"ಲ್ಯಾಬಿಗೆ ಕಳಿಸು."

ಬಿಸಿಲಿಗೆ ಗಂಟಲು ಒಣಗಿತ್ತು. ಇನ್‌ಸ್ಪೆಕ್ಟರ್ ಕೊಳಾಯಿ ತಿರುಗಿಸಿ ಒಂದು ಲೋಟ ನೀರು ಕುಡಿದಳು. ತಣ್ಣಗೆ, ತಿಳಿಯಾಗಿ, ಸಿಹಿಯಾಗಿತ್ತು. ಇನ್ನೊಂದು ಲೋಟ ಹಿಡಿದು ಅದನ್ನೂ ಕುಡಿದಳು.

"ಒಳ್ಳೇ ನೀರು."

"ಬೋರ್‌ವೆಲ್ ಅಕ್ಕನೇ ಕೊರೆಸಿಕೊಟ್ಟಿದ್ದು," ಎಂದ ತಮ್ಮ, ಬಾಗಿಲಲ್ಲೇ ನಿಂತು.

ಗುರುವಾರ ವರದಿ ಬಂತು. ತಂದವರು ಅಂತರ್ಜಲ ಕಚೇರಿಯ ಭೂವಿಜ್ಞಾನಿ. ಎಲ್ಲಿ ಹೋದರೂ ಕಲ್ಲಿನ ಮೇಲೆ ಕೈಯಿಟ್ಟು ನೋಡುವ ಚಟ ಅವರಿಗೆ. ನೆಗಡಿ ಮೊದಲ ನೋಟಕ್ಕೇ ಕಲ್ಲಿನ ಡಾಕ್ಟರು ಎಂದು ಹೆಸರಿಟ್ಟ. ಅಂಚೆಯಲ್ಲಿ ಕಳಿಸುವುದನ್ನು ಬಿಟ್ಟು ಅವರು ತಾವೇ ಓಡಿಬಂದಿದ್ದರು.

ಹಾಲಿನ ಪುಡಿಯಲ್ಲಿ ದೋಷವಿರಲಿಲ್ಲ, ಪಾತ್ರೆಯ ಬಿಳಿ ಪೊರೆ ಬರೀ ನೀರಿನ ಸುಣ್ಣ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ ನಲವತ್ತೈದು ಮಿಲಿಗ್ರಾಂ ದಾಟಬಾರದು. ಕೊಳಾಯಿ ನೀರಿನಲ್ಲಿ ಇನ್ನೂರು ಚಿಲ್ಲರೆ ಇತ್ತು. ಫ್ಲಾಸ್ಕಿನಲ್ಲಿ ನಾನೂರು ದಾಟಿತ್ತು.

ಭೂವಿಜ್ಞಾನಿಗೆ ಕೊಳಾಯಿಯ ಚಿಂತೆ. ಇನ್‌ಸ್ಪೆಕ್ಟರ್ ಕಣ್ಣು ಫ್ಲಾಸ್ಕಿನ ಮೇಲೆ ನೆಟ್ಟಿತು. ಕೊಳಾಯಿಯಲ್ಲಿ ಇನ್ನೂರು, ಫ್ಲಾಸ್ಕಿನಲ್ಲಿ ಅದರ ಎರಡರಷ್ಟು. ನಡುವೆ ಒಬ್ಬಳ ಕೈ ಬಿಟ್ಟರೆ ಬೇರೆ ಕೈಯಿಲ್ಲ. ಬಂಧನದ ಕಾಗದ ತಯಾರು ಮಾಡಲು ಹೇಳಿ ತಾಯಿಯನ್ನು ಠಾಣೆಗೆ ಕರೆಸಿದಳು.

"ಫ್ಲಾಸ್ಕಿಗೆ ಏನು ಹಾಕಿದೆ?"

"ಏನೂ ಹಾಕಿಲ್ಲ."

"ಸುಳ್ಳು ಹೇಳಬೇಡ. ಕೊಳಾಯಿ ನೀರಲ್ಲಿರೋದಕ್ಕಿಂತ ಎರಡರಷ್ಟು ವಿಷ ಅದರಲ್ಲಿದೆ."

"ಕುದಿಸಿದೆ ಮೇಡಂ. ಬೇರೇನೂ ಮಾಡಿಲ್ಲ."

"ಎಷ್ಟು ಕುದಿಸ್ತೀಯ?"

"ಅರ್ಧಕ್ಕೆ ಇಳಿಯೋವರೆಗೂ. ಪಾತ್ರೇಲಿ ಗೆರೆ ಹಾಕ್ಕೊಂಡಿದೀನಿ. ಗೆರೆಗೆ ಬರೋ ತನಕ ಇಳಿಸಲ್ಲ, ಕರೆಂಟ್ ಹೋದ್ರೆ ಸೌದೆ ಹಾಕಿಯಾದ್ರೂ..."

ಭೂವಿಜ್ಞಾನಿ ಎದ್ದು ನಿಂತರು. ಅವರ ಮುಖ ಪೆಚ್ಚಾಗಿತ್ತು. "ಇಲ್ಲಿ ಒಲೆ ಇದೆಯಾ?" ಎಂದು ಕೇಳಿದರು.

ಠಾಣೆಯಲ್ಲಿ ಟೀ ಕಾಯಿಸುವ ಒಲೆಯೊಂದಿತ್ತು. ಮಹಜರಿನ ಎರಡನೇ ಬಾಟಲಿಯ ಮುದ್ರೆಯನ್ನು, ಪಂಚರನ್ನು ಕರೆಸಿ ಅವರ ಎದುರು ಒಡೆದು, ನೀರನ್ನು ಲ್ಯಾಬಿನಿಂದ ವಾಪಸು ಬಂದ ಗೆರೆಯ ಪಾತ್ರೆಗೆ ಸುರಿದರು. ಭೂವಿಜ್ಞಾನಿ ಜೇಬಿನಿಂದ ಬೆರಳಗಲದ ಕಾಗದದ ಪಟ್ಟಿಯೊಂದನ್ನು ತೆಗೆದು ಅದ್ದಿದರು. ಪಟ್ಟಿಯ ತುದಿ ಗುಲಾಬಿ ಬಣ್ಣಕ್ಕೆ ತಿರುಗಿತು. ಆಮೇಲೆ ನೆಗಡಿ ಒಲೆ ಹಚ್ಚಿದ. ಎಲ್ಲರೂ ಸುತ್ತ ನಿಂತು ನೀರು ಕುದಿಯುವುದನ್ನು ನೋಡಿದರು. ಅಂಗಡಿಯವನು ಟೀ ಆಗುತ್ತಿದೆ ಅಂದುಕೊಂಡು, "ಸಕ್ಕರೆ ಕಮ್ಮಿ ಹಾಕಪ್ಪ" ಅಂದ. ಯಾರೂ ನಗಲಿಲ್ಲ. ನೀರು ಗೆರೆಗೆ ಇಳಿದ ಮೇಲೆ ಆರಿಸಿ ಇನ್ನೊಂದು ಪಟ್ಟಿ ಅದ್ದಿದರು. ಈ ಸಲ ಅದು ಕಡುಗೆಂಪಾಯಿತು.

"ಕುದಿಸಿದ್ರೆ ಹುಳ ಸಾಯುತ್ತೆ," ಎಂದರು ಭೂವಿಜ್ಞಾನಿ ಮೆಲ್ಲಗೆ. "ನೈಟ್ರೇಟ್ ಸಾಯಲ್ಲ, ಆವಿಯಾಗಿ ಹೋಗೋದೂ ಇಲ್ಲ. ನೀರು ಹೋಗುತ್ತೆ, ಅದು ಉಳಿಯುತ್ತೆ. ಅರ್ಧ ನೀರಿಗೆ ಪೂರ್ತಿ ವಿಷ."

ತಾಯಿ ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಬಟ್ಟೆಯ ಬಣ್ಣ ಹೊಂದಿಸಿ ನೋಡುವ ಕಣ್ಣು ಅವಳದು, ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಹಾಗಾದ್ರೆ ನಾನು ಕುದಿಸದೇ ಇದ್ದಿದ್ರೆ..."

ನಾಲ್ಕು ದಿನ ಈ ಹೆಂಗಸನ್ನು ಕಂಡು ಮುಖ ಸಿಂಡರಿಸಿದ್ದು, ನರ್ಸಿಗೆ ಬರೆದುಕೊಟ್ಟ ಚೀಟಿ, ಎಲ್ಲವೂ ಒಟ್ಟಿಗೆ ನೆನಪಾಗಿ ಇನ್‌ಸ್ಪೆಕ್ಟರ್‌ಗೆ ತನ್ನ ಮೇಲೇ ಹೇಸಿಗೆಯಾಯಿತು. ಮೇಜಿನ ಮೇಲಿದ್ದ ಬಂಧನದ ಕಾಗದವನ್ನು ಹರಿದು ಬುಟ್ಟಿಗೆ ಹಾಕಿದಳು. ಇನ್ನೊಂದು ಕುರ್ಚಿ ಎಳೆದು ತಾಯಿಯನ್ನು ಕೂರಿಸಿದಳು.

"ಮೊದಲನೇ ಮಗುವಿಗೂ ಹೀಗೇ ಕುದಿಸ್ತಿದ್ಯಾಮ್ಮಾ?"

"ಇಲ್ಲ. ಆವಾಗ ಬರೀ ಬಿಸಿ ಮಾಡ್ತಿದ್ದೆ. ಅವನು ಹೋದ ಮೇಲೆ, ಇವಳು ಹುಟ್ಟಿದಾಗ ಅತ್ತಿಗೆ ಹೇಳಿದ್ರು. ನೀರನ್ನ ಹಾಗೇ ಕೊಡಬೇಡ, ಅರ್ಧಕ್ಕೆ ಇಳಿಸಿ ಕೊಡು ಅಂತ. ಗೆರೆ ಗೀಚಿಕೊಟ್ಟಿದ್ದೂ ಅವ್ರೇ."

ಇನ್‌ಸ್ಪೆಕ್ಟರ್ ಕಿವಿ ನೆಟ್ಟಗಾಯಿತು. ಮೊದಲನೇ ಮಗು ಸತ್ತದ್ದು ಹೃದಯದ ತೊಂದರೆಯಿಂದ ಎಂದು ಡೈರಿ ಅಕ್ಕ ನಂಬಿದ್ದಳು, ಹಾಗೆಂದು ತಾನೇ ಹೇಳಿಕೆ ಕೊಟ್ಟಿದ್ದಳು. ಆ ನೀರನ್ನು ಅದುವರೆಗೆ ಯಾರೂ ಪರೀಕ್ಷೆ ಮಾಡಿಸಿರಲಿಲ್ಲ. ಮತ್ತೆ ಆಕೆಗೆ ನೀರಿನ ಮೇಲೆ ಅನುಮಾನ ಹುಟ್ಟಿದ್ದು ಹೇಗೆ?

ಮಗುವಿನ ಹತ್ತಿರ ತಾಯಿಯನ್ನು ಬಿಡಬಹುದು ಎಂದು ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಪತ್ರ ಹೋಯಿತು. ಆದರೆ ತಾಯಿ ಹೋದವಳು ತೊಟ್ಟಿಲಿನ ಪಕ್ಕ ನಿಂತು ಕೈ ಹಿಂದಕ್ಕೆ ಕಟ್ಟಿಕೊಂಡಳಂತೆ. ಬಾಟಲಿ ಕೊಟ್ಟರೆ, "ನನ್ನ ಕೈಲಿ ಬೇಡ ಸಿಸ್ಟರ್, ನೀವೇ ಕುಡಿಸಿ" ಎಂದಳಂತೆ.

ಇತ್ತ ಭೂವಿಜ್ಞಾನಿ ಮೇಜಿನ ಮೇಲಿದ್ದ ಕಡತಗಳನ್ನು ಒಂದರ ಮೇಲೊಂದು ಪೇರಿಸಿ ಪಾಠಕ್ಕಿಳಿದರು.

"ಜ್ವಾಲಾಮುಖಿ ಉಕ್ಕಿದಾಗೆಲ್ಲ ಒಂದೊಂದು ಪದರ. ಪದರದ ಹೊಟ್ಟೆ ಗಟ್ಟಿ, ನೀರು ಇಳಿಯಲ್ಲ. ಮೇಲ್ಭಾಗ ಸ್ಪಂಜಿನ ಥರ ತೂತು ತೂತು, ಪುಡಿಗಲ್ಲು. ನೀರು ಈ ಎರಡು ಕಡತಗಳ ಸಂದಿಯಲ್ಲಿ ಅಡ್ಡಡ್ಡ ಓಡುತ್ತೆ. ಮಣ್ಣಿದ್ದಿದ್ರೆ ನಿಧಾನ ಮಾಡ್ತಿತ್ತು, ಒಂದಿಷ್ಟು ಹಿಡಿದಿಡ್ತಿತ್ತು. ಇಲ್ಲಿ ತಡೆಯೋರೇ ಇಲ್ಲ."

"ಆ ಸಾಲಿನಲ್ಲಿ ಬೇರೆಯವರಿಗೆ ಏನೂ ಆಗಿಲ್ಲವಲ್ಲ?"

"ದೊಡ್ಡವರಿಗೆ ತಕ್ಷಣಕ್ಕೆ ಗೊತ್ತಾಗಲ್ಲ. ಬಾಟ್ಲಿ ಹಾಲು ಕುಡಿಯೋ ಎಳೆಮಗು ಆ ಸಾಲಿನಲ್ಲಿ ಅದೊಂದೇ. ನಿನ್ನೆ ಸುತ್ತಿ ಬಂದೆ. ಮೇಲಿನ ಪದರದ ತೆರೆದ ಬಾವಿಗಳೆಲ್ಲ ಚೆನ್ನಾಗಿವೆ. ಆಳದ ಬೋರ್‌ವೆಲ್‌ಗಳು ಮಾತ್ರ ಕೆಟ್ಟಿವೆ, ಅದೂ ಇಳಿಜಾರಿನ ಒಂದೇ ನೇರಕ್ಕೆ. ಅಂದ್ರೆ ಮೇಲಿಂದ ಜಿನುಗಿದ್ದಲ್ಲ, ಯಾರೋ ಗಟ್ಟಿ ಪದರಕ್ಕೆ ತೂತು ಹಾಕಿ ಒಳಗೆ ಬಿಟ್ಟಿದಾರೆ. ನೈಟ್ರೋಜನ್‌ನಲ್ಲಿ ಹಗುರದ್ದು, ಭಾರದ್ದು ಅಂತ ಎರಡಿವೆ. ಚೀಲದ ಗೊಬ್ಬರದಿಂದ ಬಂದ್ರೆ ಒಂದು ಲೆಕ್ಕ, ಸಗಣಿ ಗಂಜಲದಿಂದ ಬಂದ್ರೆ ಭಾರದ್ದು ಜಾಸ್ತಿ. ಇದರಲ್ಲಿ ಭಾರದ್ದು ಜಾಸ್ತಿ ಇದೆ."

"ಸಗಣಿ ನೀರಾದ್ರೆ ನಾತ ಬರಬೇಕಲ್ಲ?"

"ಆ ತೂತು ತೂತು ಪದರದಲ್ಲಿ ಗಾಳಿಯಾಡುತ್ತೆ. ಕಣ್ಣಿಗೆ ಕಾಣದ ಜೀವಿಗಳು ಗಂಜಲಾನ ನೈಟ್ರೇಟ್ ಮಾಡಿಬಿಡ್ತವೆ. ಬಣ್ಣ, ನಾತ, ರುಚಿ ಒಂದೂ ಉಳಿಯಲ್ಲ. ನೋಡಕ್ಕೆ ಬಲು ಚೆಂದದ ನೀರು."

ಸೋಮವಾರ ಕುಡಿದ ಎರಡು ಲೋಟ ನೀರು ಇನ್‌ಸ್ಪೆಕ್ಟರ್ ಕಣ್ಣಮುಂದೆ ಬಂತು. ತಾನು ಒಳ್ಳೇ ನೀರು ಎಂದು ಹೊಗಳಿದ್ದು ನೆನಪಾಗಿ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದಳು.

ಶುಕ್ರವಾರ ಬೆಳಿಗ್ಗೆ ಏಳಕ್ಕೇ ಡೈರಿಗೆ ಹೋದರು. ಗೇಟಿನ ಒಳಗೆ ಬಂದವರು ಮೊದಲು ಕೈ ತೊಳೆಯಬೇಕು. ಅದಕ್ಕೆಂದೇ ಬಿಳಿ ಟೈಲ್ಸ್ ಹಾಕಿದ ಕಟ್ಟೆ, ಸಾಲಾಗಿ ನಲ್ಲಿಗಳು, ಸೋಪು. ಶೂ ಬಿಚ್ಚಿ ಅವರು ಕೊಡುವ ಚಪ್ಪಲಿ ಹಾಕಿಕೊಳ್ಳಬೇಕು. ಕೊಟ್ಟಿಗೆಯ ನೆಲ ಆಸ್ಪತ್ರೆಯದಕ್ಕಿಂತ ಚೊಕ್ಕಟವಾಗಿತ್ತು. ಸಗಣಿ ಬಿದ್ದ ಮರುಗಳಿಗೆ ನೀರು ಹಾಯಿಸಿ ತಳ್ಳುತ್ತಿದ್ದರು. ಕಚೇರಿಯ ಗೋಡೆಯಲ್ಲಿ ಸ್ವಚ್ಛತೆಗೆ ಸಿಕ್ಕ ಬಹುಮಾನಗಳು. ಮೂಲೆಯಲ್ಲಿ ಕೊಂಡು ತಂದ ನೀರಿನ ಕ್ಯಾನುಗಳು.

"ನಿಮ್ಮ ಬೋರ್‌ವೆಲ್ ನೀರು ಕುಡಿಯಲ್ವಾ?"

"ನನ್ನ ಹೊಟ್ಟೆ ಸೂಕ್ಷ್ಮ ಮೇಡಂ," ಎಂದಳು ಡೈರಿ ಅಕ್ಕ.

"ಸಗಣಿ ಏನು ಮಾಡ್ತೀರಿ?"

"ಹಿಂಡಿ ಒಣಗಿಸಿ ಗೊಬ್ಬರ ಮಾರ್ತೀವಿ."

"ಹಿಂಡಿದ ನೀರು, ಗಂಜಲ?"

"ಹೊಂಡಕ್ಕೆ ಬಿಡ್ತೀವಿ. ಬಿಸಿಲಿಗೆ ಆವಿಯಾಗುತ್ತೆ."

ಹೊಂಡ ನೋಡಲು ಹೋದರೆ ಅದರ ತಳ ಒಣಗಿ ಬಿರಿದು ಹುಲ್ಲು ಬೆಳೆದಿತ್ತು. ದಂಡೆಯ ಮೇಲೆ ಹೂವಿನ ಕುಂಡಗಳನ್ನು ಸಾಲಾಗಿ ಜೋಡಿಸಿದ್ದರು. ನೆಗಡಿ ಬಗ್ಗಿ ನೋಡಿ ಇನ್‌ಸ್ಪೆಕ್ಟರ್ ಹತ್ತಿರ ಬಂದ.

"ಮೇಡಂ, ಇಲ್ಲಿ ನಾತ ಇದೆಯಾ? ನಂಗೊತ್ತಾಗಲ್ಲ, ಅದಕ್ಕೆ ಕೇಳ್ದೆ."

"ಇಲ್ಲ."

"ಮುನ್ನೂರು ಹಸು ಇವೆ."

ಇನ್‌ಸ್ಪೆಕ್ಟರ್ ಉಸಿರು ಎಳೆದು ನೋಡಿದಳು. ಸೋಪಿನ ಪರಿಮಳ ಬರುತ್ತಿತ್ತು. ಬೆಳಿಗ್ಗೆ ಬಾಯಿಗೆ ಹಾಕಿಕೊಂಡಿದ್ದ ಲವಂಗವನ್ನು ಅಗಿಯುವುದೇ ಮರೆತಿದ್ದಳು. ಮುನ್ನೂರು ಹಸುವಿನ ಕೊಟ್ಟಿಗೆಯಲ್ಲಿ ತನ್ನಂಥ ಮೂಗಿನವಳು ನೆಮ್ಮದಿಯಾಗಿ ನಿಂತಿದ್ದಾಳೆಂದರೆ ಏನೋ ಎಡವಟ್ಟಾಗಿದೆ.

ಹೊರಡುವಾಗ ನೆಗಡಿ ಶೂ ಹಾಕಿಕೊಳ್ಳಲು ಕೈ ತೊಳೆಯುವ ಕಟ್ಟೆಯ ಮೇಲೆ ಅಂಗೈ ಊರಿ ಬಗ್ಗಿದ. ಬಗ್ಗಿದವನು ಹಾಗೇ ನಿಂತ. ಆ ಕೈ ತೆಗೆದು ಇನ್ನೊಂದು ಕೈ ಇಟ್ಟ. ಚಳಿಯ ಬೆಳಗು, ಸುತ್ತಲಿನ ಕಲ್ಲೆಲ್ಲ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಜೀಪಿಗೆ ಬಂದು ಕೂತ ಮೇಲೆ ಪಿಸುಗುಟ್ಟಿದ, "ಕಟ್ಟೆ ಬೆಚ್ಚಗಿದೆ ಮೇಡಂ. ಒಳಗೆ ಏನೋ ಹರೀತಿದೆ. ಹಸುವಿನ ಮೈ ಮುಟ್ಟಿದ ಹಾಗೇ ಇದೆ."

ಶನಿವಾರ ಶೋಧನಾ ವಾರಂಟ್ ಹಿಡಿದು ಅದೇ ಪಂಚರು ಮತ್ತು ಭೂವಿಜ್ಞಾನಿಯೊಡನೆ ಹೋದರು. ಡೈರಿ ಅಕ್ಕ ಅಡ್ಡ ನಿಂತಳು. ಟೈಲ್ಸ್ ಒಡೆಯಬೇಡಿ, ದುಬಾರಿಯವು, ಎಂದಳು. ಕೂಲಿಯವನು ಹಾರೆ ಹಾಕಿದ. ನಾಲ್ಕನೇ ಏಟಿಗೆ ಚಪ್ಪಡಿ ಸರಿಯಿತು. ಒಳಗಿಂದ ಎದ್ದ ದುರ್ನಾತ ಮುಖಕ್ಕೆ ಹೊಡೆಯಿತು. ಅಂಗಡಿಯವನು ಹಿಂದೆ ನೋಡದೆ ಗೇಟಿನವರೆಗೆ ಓಡಿದ. ಮೇಷ್ಟ್ರು ಕೋಟಿನ ತೋಳಿನಲ್ಲಿ ಮೂಗು ಹುದುಗಿಸಿದರು. ಇನ್‌ಸ್ಪೆಕ್ಟರ್ ಹೂವಿನ ಕುಂಡವೊಂದರ ಹಿಂದೆ ಕೂತು ಬೆಳಗಿನ ತಿಂಡಿಯನ್ನೆಲ್ಲ ಕಕ್ಕಿದಳು. ನೆಗಡಿ ಒಬ್ಬನೇ ಗುಂಡಿಯ ಅಂಚಿಗೆ ಮಂಡಿಯೂರಿ, ಟಾರ್ಚು ಬಿಟ್ಟು, ತನ್ನ ಬದುಕಿನ ಅತ್ಯುತ್ತಮ ಪಂಚನಾಮೆಯನ್ನು ಹೇಳುತ್ತಾ ಬರೆದುಕೊಂಡ.

"ಸದರಿ ಕಟ್ಟೆಯ ಅಡಿಯಲ್ಲಿ ಒಂದು ಬೋರ್‌ವೆಲ್ ಕಂಡುಬರುತ್ತದೆ. ಕೊಟ್ಟಿಗೆಯ ಕಡೆಯಿಂದ ಬಂದ ಒಂದು ದಪ್ಪ ಪೈಪು ಅದರ ಬಾಯಿಗೆ ಜೋಡಣೆಯಾಗಿರುತ್ತದೆ. ಪೈಪಿನಿಂದ ಕಂದು ಬಣ್ಣದ ದ್ರವ ಎಡೆಬಿಡದೆ ಒಳಕ್ಕೆ ಬೀಳುತ್ತಿರುತ್ತದೆ. ವಾಸನೆ..." ಅವನು ತಲೆಯೆತ್ತಿದ. "ಮೇಷ್ಟ್ರೇ, ವಾಸನೆ ಹೇಗಿದೆ ಅಂತ ಬರೀಲಿ?"

"ಬರೀರಿ, ಹೇಳಲಿಕ್ಕೆ ಬಾರದ ಹಾಗಿದೆ ಅಂತ," ಎಂದರು ಮೇಷ್ಟ್ರು ತೋಳಿನೊಳಗಿಂದ.

ಬಂದವರೆಲ್ಲ ನಗುನಗುತ್ತಾ ಕೈ ತೊಳೆದ ಜಾಗ ಅದು. ಅವರ ಅಂಗೈಗಳ ಕೆಳಗೇ ಮುನ್ನೂರು ಹಸುವಿನ ಹೊಲಸು ಕಲ್ಲಿನ ಹೊಟ್ಟೆಗೆ ಇಳಿದು, ಇಳಿಜಾರಿನ ಅಡುಗೆಮನೆಗಳತ್ತ ಹೋಗುತ್ತಿತ್ತು. ಇನ್‌ಸ್ಪೆಕ್ಟರ್ ಬಾಯಿ ಒರೆಸಿಕೊಂಡು ಬಂದು ಡೈರಿ ಅಕ್ಕನನ್ನು ನೋಡಿದಳು.

"ಇದು ಹಳೇ ಬೋರ್‌ವೆಲ್. ನೀರು ಬರಲಿಲ್ಲ, ಹಾಗಾಗಿ ಬಿಟ್ವಿ," ಎಂದಳು ಆಕೆ. "ಭೂಮಿ ಎಲ್ಲಾನೂ ಕುಡಿದುಬಿಡುತ್ತೆ. ಇಲ್ಲಿಗೂ ನನ್ನ ತಮ್ಮನ ಮನೆಗೂ ಒಂದೂವರೆ ಕಿಲೋಮೀಟರು. ಏನು ಸಂಬಂಧ?"

ಕೋರ್ಟಿನಲ್ಲೂ ವಕೀಲರು ಇದನ್ನೇ ಕೇಳುತ್ತಾರೆಂದು ಇನ್‌ಸ್ಪೆಕ್ಟರ್‌ಗೆ ಗೊತ್ತಿತ್ತು. ಹರಿಯುವುದನ್ನು ನಿಲ್ಲಿಸಿ, ಪಂಚರ ಎದುರು ಭೂವಿಜ್ಞಾನಿ ಆ ಬೋರ್‌ವೆಲ್ಲಿಗೆ ಯಾರಿಗೂ ಹಾನಿ ಮಾಡದ ಹಸಿರು ಬಣ್ಣವೊಂದನ್ನು ಸುರಿದು, ಮೇಲಿನಿಂದ ಒಂದು ಟ್ಯಾಂಕರ್ ಒಳ್ಳೆಯ ನೀರು ಬಿಡಿಸಿದರು. ಗುಂಡಿಗೆ ಮುದ್ರೆ ಹಾಕಿ ಕಾವಲಿಗೆ ಒಬ್ಬ ಕಾನ್‌ಸ್ಟೆಬಲ್‌ನನ್ನು ಬಿಟ್ಟು ಬಂದರು.

ಕೆಳಗಿನ ಸಾಲಿನ ಮನೆಗಳಿಗೆ ಟ್ಯಾಂಕರಿನಲ್ಲಿ ಬೇರೆ ನೀರು ಬಂತು. ಕೊನೆಯ ಮನೆಯ ಕೊಳಾಯಿಯನ್ನು ಮಾತ್ರ ಗಂಟೆಗೊಮ್ಮೆ ಬಿಳಿ ಬಕೆಟ್ಟಿಗೆ ಬಿಟ್ಟು ನೋಡುತ್ತಿದ್ದರು. ನೆಗಡಿ ಅಲ್ಲೇ ಠಿಕಾಣಿ ಹೂಡಿದ. ಭಾನುವಾರ, ಸೋಮವಾರ ಏನೂ ಆಗಲಿಲ್ಲ. ಮಂಗಳವಾರ ಮಧ್ಯಾಹ್ನ ವ್ಯಾನ್ ಓಡಿಸುವವನೇ ಬಕೆಟ್ ಹಿಡಿದಿದ್ದ. ನೀರು ಬಕೆಟ್ಟಿನ ಅರ್ಧಕ್ಕೆ ಬಂದಾಗ ಎಲ್ಲೋ ಎಳೇ ಹಸಿರು ಕಂಡಂತಾಯಿತು. ತುಂಬುವ ಹೊತ್ತಿಗೆ ಅನುಮಾನವೇ ಉಳಿಯಲಿಲ್ಲ. ಅವನು ಕೊಳಾಯಿ ನಿಲ್ಲಿಸಲಿಲ್ಲ. ನೀರು ಉಕ್ಕಿ ಕಾಲ ಮೇಲೆ ಹರಿಯುತ್ತಿದ್ದರೂ ನೋಡುತ್ತಲೇ ನಿಂತ. ನೆಗಡಿ ಬಂದು ನಲ್ಲಿ ತಿರುಗಿಸಿದ.

"ನಾನು ಅವಳ ಮೇಲೆ ರುಜು ಹಾಕ್ದೆ ಸಾರ್," ಎಂದ ಅವನು.

"ಹಾಕಿದ್ದು ಹಾಕಿದೆ. ಹೋಗಿ ನಿನ್ನ ಬಾಯಲ್ಲೇ ಹೇಳು. ನಡಿ."

ಆಸ್ಪತ್ರೆಯಲ್ಲಿ ಅವನು ಏನು ಹೇಳಿದನೋ, ತಾಯಿ ಅವನತ್ತ ನೋಡಲೇ ಇಲ್ಲ. ಮಗು ಹಸಿವಿಗೆ ಕಿರುಚುತ್ತಿತ್ತು. ನರ್ಸು ಇನ್ನೊಂದು ವಾರ್ಡಿಗೆ ಹೋಗಿದ್ದಳು. ತಾಯಿ ಬಾಟಲಿ ಎತ್ತಿಕೊಂಡು ಮತ್ತೆ ಕೆಳಗಿಟ್ಟಳು. ಹಿಂದೆಯೇ ಬಂದಿದ್ದ ಇನ್‌ಸ್ಪೆಕ್ಟರ್ ಆಸ್ಪತ್ರೆಯ ಕ್ಯಾನಿನ ನೀರಿಗೆ ಭೂವಿಜ್ಞಾನಿ ಕೊಟ್ಟಿದ್ದ ಪಟ್ಟಿಯೊಂದನ್ನು ಅದ್ದಿ ಅವಳ ಕೈಗೆ ಕೊಟ್ಟಳು. ಪ್ರಮಾಣ ಮಾಡಿ ಹೇಳುವುದಕ್ಕಿಂತ ಅದು ವಾಸಿ ಅನಿಸಿತು. ತಾಯಿ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. ಅದು ಬಿಳಿಯಾಗಿಯೇ ಉಳಿಯಿತು.

"ಇದನ್ನ ಕುದಿಸಬೇಕಾ ಮೇಡಂ?"

"ಒಂದು ಕುದಿ ಬಂದ್ರೆ ಸಾಕು. ಅದನ್ನ ಅವರೇ ಮಾಡಿಟ್ಟಿದಾರೆ."

ನೆಗಡಿ ಪುಡಿಯ ಚಮಚ ಹಿಡಿದು ಮುಂದೆ ಬಂದ. ತಾಯಿ ಅವನ ದಪ್ಪ ಬೆರಳುಗಳನ್ನು ನೋಡಿ, "ನೀವು ಚೆಲ್ಲಿಬಿಡ್ತೀರ, ಕೊಡಿ ಇಲ್ಲಿ" ಎಂದು ಚಮಚ ಕಿತ್ತುಕೊಂಡಳು. ಕಲಸುವಾಗ ಒಂದು ಕಣವನ್ನೂ ಚೆಲ್ಲಲಿಲ್ಲ. ಮಗು ಬಾಟಲಿಗೆ ಬಾಯಿ ಹಾಕಿದ ಮೇಲೆ ಕೊನೆಯವರೆಗೂ ಅದರ ಉಗುರುಗಳ ಬಣ್ಣವನ್ನೇ ನೋಡುತ್ತಾ ಕೂತಿದ್ದಳು.

ಅದೇ ದಿನ ಸಂಜೆ ಐದೂ ಹತ್ತಕ್ಕೆ ಡೈರಿ ಅಕ್ಕನನ್ನು ಅವಳ ಕಚೇರಿಯಲ್ಲಿ ಬಂಧಿಸಿದರು. ಹಸಿರು ನೀರಿನ ಬಾಟಲಿಯನ್ನು ಇನ್‌ಸ್ಪೆಕ್ಟರ್ ಮೇಜಿನ ಮೇಲೆ, ಬಹುಮಾನದ ಫಲಕಗಳ ಪಕ್ಕ ಇಟ್ಟಳು.

"ನಿಮ್ಮ ತಮ್ಮನ ಕೊಳಾಯಿಯದು. ಈಗ ಒಂದೇ ಪ್ರಶ್ನೆ. ನೀರನ್ನ ಅರ್ಧಕ್ಕೆ ಇಳಿಸು ಅಂತ ಯಾಕೆ ಹೇಳಿದಿರಿ?"

"ಹುಳ ಸಾಯ್ಲಿ ಅಂತ."

"ಹುಳ ಇದೆ ಅಂತ ಹೇಗೆ ಗೊತ್ತಾಯ್ತು?"

ಡೈರಿ ಅಕ್ಕ ಬಾಟಲಿಯನ್ನು ಫಲಕಗಳಿಂದ ದೂರ ಸರಿಸಿದಳು.

"ಮೊದಲನೇ ಮಗು ಹೋದಾಗಲೇ ನಿಮಗೆ ಅನುಮಾನ ಬಂದಿತ್ತು."

"ಬಂದಿತ್ತು." ಅವಳು ಕೈಗಳನ್ನು ತೊಡೆಯ ಮೇಲಿಟ್ಟು ಉಜ್ಜಿಕೊಳ್ಳುತ್ತಿದ್ದಳು. "ಖಾತ್ರಿ ಇರಲಿಲ್ಲ. ಕುದಿಸಿಬಿಟ್ರೆ ಸರಿಹೋಗುತ್ತೆ ಅಂದ್ಕೊಂಡೆ. ಕುದಿಸಿದ ಮೇಲೂ ಮಗು ನೀಲಿಯಾಯ್ತಲ್ಲ ಮೇಡಂ, ಆವಾಗ ನನಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ? ಅಂದ್ರೆ ನೀರಿಂದಲ್ಲ, ನನ್ನಿಂದಲ್ಲ. ಅವಳೇ ಏನೋ ಮಾಡಿರಬೇಕು ಅಂತ. ದೇವರಾಣೆ, ಹಾಗೇ ನಂಬಿ ನಿಮ್ಮ ಹತ್ರ ಬಂದೆ."

ಇನ್‌ಸ್ಪೆಕ್ಟರ್‌ಗೆ ಶನಿವಾರ ಗುಂಡಿಯಿಂದ ಎದ್ದ ನಾತ ಮತ್ತೆ ಮೂಗಿಗೆ ಬಡಿದಂತಾಯಿತು. ಸಾಯುತ್ತಿರುವ ಮಗುವಿನ ಹತ್ತಿರ ನಿಂತು ಒಬ್ಬಳು ಸಮಾಧಾನ ಪಟ್ಟುಕೊಂಡಿದ್ದಳು.

"ಹೊಂಡ ಇತ್ತಲ್ಲ. ಅದನ್ನೇ ಇಟ್ಕೋಬಹುದಿತ್ತು. ಯಾಕೆ ನಿಲ್ಲಿಸಿದಿರಿ?"

"ನಾತ."

"ಡೈರಿ ಅಂದ ಮೇಲೆ ನಾತ ಇದ್ದೇ ಇರುತ್ತೆ."

ಆಗ ಅವಳು ಮೊದಲ ಸಲ ತಲೆಯೆತ್ತಿದಳು. ಹೇಳಿಕೆಯಲ್ಲಿ ಅವಳ ಮಾತು ಹೀಗೆ ದಾಖಲಾಗಿದೆ. ಅವಳ ಅಪ್ಪ ಊರಿನ ಕೊಟ್ಟಿಗೆಗಳ ಸಗಣಿಯನ್ನು ಗಾಡಿಯಲ್ಲಿ ಹೊರುತ್ತಿದ್ದವನು. ಮಗಳನ್ನು ಅದೇ ಗಾಡಿಯಲ್ಲಿ ಶಾಲೆಗೆ ಬಿಡುತ್ತಿದ್ದ. ತರಗತಿಯಲ್ಲಿ ಅವಳ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಅವಳು ಒಳಗೆ ಬಂದರೆ ಹುಡುಗಿಯರು ಮೂಗಿಗೆ ಕೈ ಹಚ್ಚುತ್ತಿದ್ದರು, ಒಂದು ದಿನ ಟೀಚರೂ ಹಚ್ಚಿದರು. ಅವಳು ದೊಡ್ಡವಳಾಗಿ ಡೈರಿ ಕಟ್ಟಿದ ಮೇಲೆ, ಬಹುಮಾನ ಕೊಡಲು ಬಂದ ಅತಿಥಿಯೊಬ್ಬ ಹೊಂಡದ ಹತ್ತಿರ ಬರುತ್ತಲೇ ಕರವಸ್ತ್ರ ತೆಗೆದು ಮೂಗಿಗೆ ಹಿಡಿದ. ಮಾರನೆಯ ವಾರವೇ ಅವಳು ಪೈಪನ್ನು ಬೋರ್‌ವೆಲ್ಲಿಗೆ ತಿರುಗಿಸಿ ಮೇಲೆ ಬಿಳಿ ಕಟ್ಟೆ ಕಟ್ಟಿಸಿದಳು.

"ಅವತ್ತಿಂದ ನನ್ನ ಡೈರಿಗೆ ಬಂದೋರು ಯಾರೂ ಮೂಗು ಮುಚ್ಚಿಕೊಂಡಿಲ್ಲ ಮೇಡಂ," ಎಂದಳು. "ನೀವೂ ಮುಚ್ಚಿಕೊಳ್ಳಲಿಲ್ಲ."

ಇನ್‌ಸ್ಪೆಕ್ಟರ್ ಹೇಳಿಕೆಗೆ ರುಜು ಹಾಕಿಸಿಕೊಂಡಳು. ಕೆಳಗಿನ ಪದರದ ನೀರು ತಿಳಿಯಾಗಲು ವರ್ಷಗಟ್ಟಲೆ ಬೇಕೆಂದು ಭೂವಿಜ್ಞಾನಿಯ ವರದಿಯ ಕೊನೆಯಲ್ಲಿ ಬರೆದಿತ್ತು. ಅದನ್ನೂ ಕಡತಕ್ಕೆ ಸೇರಿಸಿದಳು.

ಜೀಪಿನ ಹಿಂದಿನ ಸೀಟಿನಲ್ಲಿ ಡೈರಿ ಅಕ್ಕನನ್ನು ಕೂರಿಸಿ ನೆಗಡಿ ಪಕ್ಕದಲ್ಲಿ ಕೂತ. ಮುದ್ರೆ ಹಾಕಿದ ಗುಂಡಿಯನ್ನು ದಾಟುವಾಗ ಅವಳು ತನ್ನ ಸೆರಗನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ನನ್ನ ಮೈಯಿಂದ ನಾತ ಬರ್ತಿದೆಯಾ?"

"ನನ್ನ ಮೂಗು ಸತ್ತು ಯಾವ ಕಾಲ ಆಯ್ತಮ್ಮ," ಎಂದ ನೆಗಡಿ. "ಮೇಡಂನ ಕೇಳಿ."

ಮುಂದಿನ ಸೀಟಿನಲ್ಲಿದ್ದ ಇನ್‌ಸ್ಪೆಕ್ಟರ್‌ಗೆ ಆ ಮಾತು ಕೇಳಿಸಿತ್ತು. ಹಿಂದಿನಿಂದ ಸೋಪಿನ ವಾಸನೆ ಬರುತ್ತಿತ್ತು, ಬೇರೇನೂ ಇರಲಿಲ್ಲ. ಅವಳು ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ, ಡ್ರೈವರಿಗೆ ಬೇಗ ಹೋಗಲು ಹೇಳಿದಳು.